ಪೋಸ್ಟರ್ ತುಂಬಾ ಸ್ಟಾರ್, ಸಿನಿಮಾದಲ್ಲಿ ಎಷ್ಟು ನಿಮಿಷ?

ಓಟಿಟಿ ಆ್ಯಪ್‌ನಲ್ಲಿ ಆ್ಯಕ್ಷನ್ ಸಿನಿಮಾಗಳ ಸಾಲನ್ನು ಸರಿಸುತ್ತಾ ಹೋದರೆ ಬ್ರೂಸ್ ವಿಲ್ಲಿಸ್ ಮುಖ ಮತ್ತೆ ಮತ್ತೆ ಎದುರಾಗುತ್ತದೆ. ಕೈಯಲ್ಲಿ ಪಿಸ್ತೂಲು, ಬೆನ್ನ ಹಿಂದೆ ಬೆಂಕಿ, ಕೆಳಗೆ ಎಲ್ಲೂ ಕೇಳಿರದ ಒಂದು ಹೆಸರು. ಪಕ್ಕದಲ್ಲೇ ನಿಕೋಲಸ್ ಕೇಜ್, ಅದರಾಚೆ ಸ್ಟೀವನ್ ಸೀಗಲ್, ಇನ್ನೂ ಆಚೆ ವ್ಯಾನ್ ಡ್ಯಾಮ್. ಥಿಯೇಟರ್ ಮುಟ್ಟದೆ ಒಂದು ಕಾಲದಲ್ಲಿ ನೇರವಾಗಿ ಡಿವಿಡಿಗೆ, ಈಗ ನೇರವಾಗಿ ಓಟಿಟಿಗೆ ಇಳಿಯುವ ಸಣ್ಣ ಬಜೆಟ್ಟಿನ ಚಿತ್ರಗಳಿವು. ಇವಕ್ಕೆ ಒಂದೂವರೆ ಗಂಟೆ ಕೊಡಬಹುದೇ? ಬಹುಪಾಲಿಗೆ ಕೊಡಬೇಡಿ. ಆದರೆ ಇದೇ ರಾಶಿಯೊಳಗೆ ದೊಡ್ಡ ಬಜೆಟ್ಟಿನ ಸಿನಿಮಾಗಳನ್ನೂ ಮೀರಿಸುವ ಕೆಲವು ಇವೆ. ಅವು ಕೈತಪ್ಪಿದರೆ ನಷ್ಟ ನೋಡುಗರದ್ದೇ. ಇವೆರಡನ್ನೂ ಬೇರ್ಪಡಿಸಿ ಗುರುತಿಸಬೇಕಾದರೆ ಆ ಸಿನಿಮಾದ ದುಡ್ಡು ಮತ್ತು ಶೂಟಿಂಗ್ ದಿನಗಳು ಯಾವುದಕ್ಕೆ ಖರ್ಚಾಗಿವೆ ಎಂಬುದನ್ನು ಓದಲು ಬರಬೇಕು.

ಈ ವ್ಯಾಪಾರ ನಮಗೆ ಹೊಸದೇನಲ್ಲ. ಗಾಂಧಿನಗರದಲ್ಲಿ ಸ್ಟಾರ್ ಹೆಸರು ಹೇಳಿ ಬಿಕೆಟಿ (ಬೆಂಗಳೂರು-ಕೋಲಾರ-ತುಮಕೂರು), ಮೈಸೂರು, ಹೈದರಾಬಾದ್ ಕರ್ನಾಟಕ ಅಂತ ಏರಿಯಾವಾರು ಮಾರುತ್ತಿದ್ದರಲ್ಲ, ಅದೇ ಲೆಕ್ಕವನ್ನು ದೇಶದೇಶಗಳಿಗೆ ಹಾಕಿದರೆ ಹಾಲಿವುಡ್‌ನ ಪ್ರೀಸೇಲ್ ಆಗುತ್ತದೆ. ಕಾನ್ ಚಿತ್ರೋತ್ಸವದ ಜೊತೆಗೆ ನಡೆಯುವ ಮಾರುಕಟ್ಟೆಯಲ್ಲೋ ಅಮೆರಿಕನ್ ಫಿಲ್ಮ್ ಮಾರ್ಕೆಟ್‌ನಲ್ಲೋ ಒಂದು ಪೋಸ್ಟರ್, ಒಂದು ಪುಟದ ಕಥೆ, ಒಬ್ಬ ನಟನ ಹೆಸರು ಇಟ್ಟುಕೊಂಡು ಜರ್ಮನಿಗೆ ಇಷ್ಟು, ಜಪಾನಿಗೆ ಇಷ್ಟು, ಮಧ್ಯಪ್ರಾಚ್ಯಕ್ಕೆ ಇಷ್ಟು ಎಂದು ಹಕ್ಕು ಮಾರುತ್ತಾರೆ. ಸಿನಿಮಾ ಇನ್ನೂ ಹುಟ್ಟಿರುವುದಿಲ್ಲ. ಆ ಒಪ್ಪಂದಗಳನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಎತ್ತುತ್ತಾರೆ. ಮಿಕ್ಕಿದ್ದು ತೆರಿಗೆ ರಿಯಾಯಿತಿಯಿಂದ ಬರುತ್ತದೆ: ಜಾರ್ಜಿಯಾ ರಾಜ್ಯ ಅಲ್ಲಿ ಮಾಡಿದ ಖರ್ಚಿನ 20 ಶೇಕಡಾ ಕೊಡುತ್ತದೆ, ರಾಜ್ಯದ ಲಾಂಛನವನ್ನು ಟೈಟಲ್‌ನಲ್ಲಿ ತೋರಿಸಿದರೆ ಇನ್ನೂ 10. ಪೋರ್ಟೊರಿಕೊದಲ್ಲಿ ಅದು 40 ಶೇಕಡಾವರೆಗೆ ಹೋಗುತ್ತದೆ. ಹೀಗಾಗಿಯೇ 2021ರ ‘ಮಿಡ್‌ನೈಟ್ ಇನ್ ದ ಸ್ವಿಚ್‌ಗ್ರಾಸ್’ ಕಥೆ ಫ್ಲೋರಿಡಾದಲ್ಲಿ ನಡೆದರೂ ಕ್ಯಾಮೆರಾ ಇಟ್ಟಿದ್ದು ಪೋರ್ಟೊರಿಕೊದಲ್ಲಿ.

ಈ ವ್ಯವಸ್ಥೆಯಲ್ಲಿ ಸಿನಿಮಾ ಚೆನ್ನಾಗಿ ಬರಬೇಕೆಂಬ ಒತ್ತಡ ಎಲ್ಲಿಯೂ ಇಲ್ಲ. ಕೊಂಡವರು ಕೊಂಡಿದ್ದು ಹೆಸರನ್ನು. ಆ ಹೆಸರಿನ ನಟ ಪರದೆಯ ಮೇಲೆ ಕಾಣಿಸಿಕೊಂಡರೆ ಒಪ್ಪಂದ ಪೂರೈಸಿದಂತೆ. ನಟನ ಸಂಭಾವನೆಯೇ ಬಜೆಟ್ಟಿನ ದೊಡ್ಡ ಪಾಲು ನುಂಗುವುದರಿಂದ ಅವರನ್ನು ಇಟ್ಟುಕೊಳ್ಳುವ ದಿನಗಳನ್ನು ಆದಷ್ಟು ಕಡಿಮೆ ಮಾಡುತ್ತಾರೆ. ವಿಲ್ಲಿಸ್‌ರ ಕೊನೆಯ ವರ್ಷಗಳ ಚಿತ್ರಗಳಲ್ಲಿ ಅವರ ಕೆಲಸ ಸಾಮಾನ್ಯವಾಗಿ ಎರಡು ದಿನ, ಅದಕ್ಕೆ 20 ಲಕ್ಷ ಡಾಲರ್ ಸಂಭಾವನೆ ಎಂದು ಲಾಸ್ ಏಂಜಲೀಸ್ ಟೈಮ್ಸ್ 2022ರಲ್ಲಿ ವರದಿ ಮಾಡಿತ್ತು.

ಎರಡು ದಿನ ಎಂದರೆ ಪರದೆಯ ಮೇಲೆ ಎಷ್ಟು? ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ ಎಂಬುದು ಹಾಲಿವುಡ್‌ನ ಹಳೆಯ ಲೆಕ್ಕ. ಸಣ್ಣ ಬಜೆಟ್ಟಿನ ತಂಡ ಓಡಿಕೊಂಡು ಕೆಲಸ ಮಾಡಿದರೆ ದಿನಕ್ಕೆ ಆರೇಳು ಪುಟ ಮುಗಿಸಬಹುದು. ಎರಡು ದಿನಕ್ಕೆ ಹನ್ನೆರಡು-ಹದಿನಾಲ್ಕು ಪುಟ. ಅದರಲ್ಲೂ ಎದುರಿನ ಪಾತ್ರಗಳ ಮಾತು ಒಂದಷ್ಟು ಇರುತ್ತದೆ. ತೊಂಬತ್ತು ನಿಮಿಷದ ಸಿನಿಮಾದಲ್ಲಿ ಆ ಮುಖ ಹತ್ತು ನಿಮಿಷದ ಆಸುಪಾಸು ಕಾಣಿಸಿದರೆ ಆಶ್ಚರ್ಯಪಡಬೇಕಿಲ್ಲ. ಆ ಹತ್ತು ನಿಮಿಷವನ್ನೂ ಒಂದೇ ಕಡೆ ಇಡುವುದಿಲ್ಲ. ಆರಂಭದ ಹತ್ತು ನಿಮಿಷದೊಳಗೆ ಒಂದು ಚೂರು, ಮಧ್ಯದಲ್ಲಿ ಎರಡು ಚೂರು, ಕೊನೆಯಲ್ಲಿ ಒಂದು ಚೂರು. ನೋಡುವವನಿಗೆ ಇನ್ನೇನು ಬರ್ತಾರೆ, ಇನ್ನೇನು ಬರ್ತಾರೆ ಅನ್ನಿಸುತ್ತಲೇ ಸಿನಿಮಾ ಮುಗಿಯುತ್ತದೆ. ನಮ್ಮ ಪೋಸ್ಟರ್‌ಗಳಲ್ಲಿ ‘ವಿಶೇಷ ಪಾತ್ರದಲ್ಲಿ’ ಎಂದು ಹಾಕುವ ಒಂದು ಮರ್ಯಾದೆ ಇದೆ. ಇಲ್ಲಿ ಅದನ್ನು ಹಾಕುವುದಿಲ್ಲ, ಮುಖವನ್ನೇ ನಡುವೆ ದೊಡ್ಡದಾಗಿ ಮುದ್ರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ.

ಎರಡು ದಿನದ ಕಾಲ್‌ಶೀಟ್ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಮತ್ತೆ ಮರೆಯುವುದಿಲ್ಲ. ಸ್ಟಾರ್ ಒಂದು ಕೋಣೆಯಲ್ಲಿರುತ್ತಾರೆ. ಕಿಟಕಿಯ ಬಳಿ ನಿಂತಿರುತ್ತಾರೆ, ಇಲ್ಲವೇ ಮೇಜಿನ ಹಿಂದೆ ಕುಳಿತಿರುತ್ತಾರೆ. ಕೈಯಲ್ಲಿ ಫೋನು. ಆ ಫೋನಿನ ಇನ್ನೊಂದು ತುದಿಯಲ್ಲಿರುವ ನಾಯಕ ಓಡುತ್ತಿರುತ್ತಾನೆ, ಗುಂಡು ಹಾರಿಸುತ್ತಿರುತ್ತಾನೆ, ಬೆವರುತ್ತಿರುತ್ತಾನೆ. ಸ್ಟಾರ್ ಮಾತ್ರ ಅದೇ ಕೋಣೆ, ಅದೇ ಜಾಕೆಟ್. ಇಬ್ಬರೂ ಮುಖಾಮುಖಿಯಾಗುವ ದೃಶ್ಯ ಬಂದರೆ ಇನ್ನೂ ಗಮನವಿಟ್ಟು ನೋಡಿ. ನಾಯಕನ ಕ್ಲೋಸಪ್ ಬಂದಾಗ ಚೌಕಟ್ಟಿನ ಅಂಚಿನಲ್ಲಿ ಒಂದು ಭುಜ, ಒಂದು ಬೋಳು ತಲೆಯ ಹಿಂಭಾಗ. ಆ ಭುಜ ಡ್ಯೂಪ್‌ನದ್ದು. ಸ್ಟಾರ್‌ನ ಕ್ಲೋಸಪ್ ಬಂದಾಗ ಚೌಕಟ್ಟಿನಲ್ಲಿ ಅವರೊಬ್ಬರೇ, ಎದುರಿಗಿರುವವನ ಭುಜವೂ ಇಲ್ಲ. ಒಬ್ಬನ ಮುಖದ ಮೇಲೆ ಸಂಜೆಯ ಬೆಳಕು, ಇನ್ನೊಬ್ಬನ ಮುಖದ ಮೇಲೆ ಮಧ್ಯಾಹ್ನದ್ದು. ಇಬ್ಬರ ದೃಷ್ಟಿ ಒಂದೇ ಗೆರೆಯಲ್ಲಿ ಕೂಡುವುದಿಲ್ಲ, ಒಬ್ಬ ಇನ್ನೊಬ್ಬನ ಕಿವಿಯ ಕಡೆ ನೋಡಿ ಮಾತಾಡಿದಂತಿರುತ್ತದೆ. ಎರಡೂ ಮುಖ ಒಂದೇ ಚೌಕಟ್ಟಿಗೆ ಬರುವ ಶಾಟ್ ಇಡೀ ದೃಶ್ಯದಲ್ಲಿ ಒಂದು ಸಿಕ್ಕರೆ ಪುಣ್ಯ. ದೃಶ್ಯ ಸಪ್ಪೆಯೆನಿಸುವುದು ಸಂಭಾಷಣೆ ಕೆಟ್ಟದಾಗಿರುವುದಕ್ಕಷ್ಟೇ ಅಲ್ಲ. ಇಬ್ಬರು ನಟರು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇದ್ದು ಒಬ್ಬರ ಮಾತಿಗೆ ಇನ್ನೊಬ್ಬರು ಮಿಡಿಯುವುದೇ ಅಭಿನಯ. ಅದಕ್ಕೆ ಇಲ್ಲಿ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ವಿಲ್ಲಿಸ್ ಬಗ್ಗೆ ಬರೆಯುವಾಗ ಇದನ್ನು ಇಷ್ಟಕ್ಕೇ ಬಿಡಲಾಗದು. 2022ರ ಮಾರ್ಚ್‌ನಲ್ಲಿ ಅವರ ಕುಟುಂಬ ಅವರಿಗೆ ಅಫೇಸಿಯಾ, ಅಂದರೆ ಮಾತನ್ನು ಆಡುವ ಮತ್ತು ಗ್ರಹಿಸುವ ಶಕ್ತಿ ಕುಂದುವ ತೊಂದರೆ ಇದೆಯೆಂದೂ ನಟನೆಯಿಂದ ಹಿಂದೆ ಸರಿಯುತ್ತಿದ್ದಾರೆಂದೂ ತಿಳಿಸಿತು. 2023ರ ಫೆಬ್ರವರಿಯಲ್ಲಿ ಅದು ಫ್ರಂಟೊಟೆಂಪೊರಲ್ ಡಿಮೆನ್ಷಿಯಾ ಎಂದು ಗೊತ್ತಾಯಿತು. ಕಿವಿಯೊಳಗಿನ ಪುಟ್ಟ ಸಾಧನದ ಮೂಲಕ ಅವರಿಗೆ ಸಾಲುಗಳನ್ನು ಹೇಳಿಕೊಡಲಾಗುತ್ತಿತ್ತು ಎಂದು ಲಾಸ್ ಏಂಜಲೀಸ್ ಟೈಮ್ಸ್ ವರದಿ ಮಾಡಿತು. ‘ಔಟ್ ಆಫ್ ಡೆತ್’ ಚಿತ್ರದ ನಿರ್ದೇಶಕರು 2020ರ ಜೂನ್‌ನಲ್ಲೇ ಅವರ ಭಾಗವನ್ನು ಸುಮಾರು ಐದು ಪುಟ ಇಳಿಸಿ, ಉದ್ದ ಮಾತುಗಳು ಇಲ್ಲದಂತೆ ಮಾಡಿ ಎಂದು ಚಿತ್ರಕಥೆಗಾರರಿಗೆ ಬರೆದಿದ್ದ ವಿಷಯವೂ ಹೊರಬಂತು. ಕೆಟ್ಟ ಸಿನಿಮಾಗಳಿಗೆ ಪ್ರಶಸ್ತಿ ಕೊಡುವ ರ‍್ಯಾಜಿ ಸಂಸ್ಥೆ 2022ರಲ್ಲಿ ವಿಲ್ಲಿಸ್‌ರ 2021ರ ಎಂಟು ಸಿನಿಮಾಗಳಿಗಾಗಿಯೇ ಒಂದು ವಿಭಾಗ ತೆರೆದು ‘ಕಾಸ್ಮಿಕ್ ಸಿನ್’ ಚಿತ್ರವನ್ನು ಆರಿಸಿತ್ತು. ಕಾಯಿಲೆಯ ಸುದ್ದಿ ಬಂದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡದ್ದು ಸರಿಯಾಯಿತು.

ಇದೆಲ್ಲ ಗೊತ್ತಿದ್ದು ಆ ಎಂಟು ಸಿನಿಮಾಗಳನ್ನು ನೋಡಲು ಕೂತರೆ ನೋವಾಗುತ್ತದೆ. ‘ಅಪೆಕ್ಸ್’ನಲ್ಲಿ ಶ್ರೀಮಂತರು ಕಾಡಿನಲ್ಲಿ ಒಬ್ಬ ಮನುಷ್ಯನನ್ನು ಬೇಟೆಯಾಡಬೇಕು, ಆ ಮನುಷ್ಯ ವಿಲ್ಲಿಸ್. ಬೇಟೆಗಾರರು ತಮ್ಮತಮ್ಮಲ್ಲೇ ಕಚ್ಚಾಡಿ ಸಾಯುತ್ತಿರುವಾಗ ಅವರು ಬೇರೆಲ್ಲೋ ಮರಗಳ ನಡುವೆ ಒಬ್ಬರೇ ನಡೆಯುತ್ತಿರುತ್ತಾರೆ. 1988ರ ‘ಡೈ ಹಾರ್ಡ್’ನಲ್ಲಿ ಗಾಜಿನ ಚೂರುಗಳ ಮೇಲೆ ಬರಿಗಾಲಲ್ಲಿ ಓಡಿದ ನಟನನ್ನು ಇಷ್ಟಪಟ್ಟವರು ಆ ನೆನಪನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಈ ಕೊನೆಯ ಕಂತಿನಿಂದ ಒಂದನ್ನೂ ನಾನು ಶಿಫಾರಸು ಮಾಡುವುದಿಲ್ಲ.

ಸೀಗಲ್ ವಿಷಯ ಬೇರೆ. 2002ರ ‘ಹಾಫ್ ಪಾಸ್ಟ್ ಡೆಡ್’ ಆದ ಮೇಲೆ ಅವರ ಚಿತ್ರಗಳು ಬಹುತೇಕ ನೇರವಾಗಿ ಡಿವಿಡಿಗೇ ಹೋದವು. ಆರಂಭದ ಚಿತ್ರಗಳಲ್ಲಿ ಜಪಾನಿನ ಸಮರಕಲೆ ಐಕಿಡೋದ ಕೈಚಳಕ ನೋಡಿ ಬೆರಗಾದವರಿಗೆ ಇಲ್ಲಿ ಸಿಗುವುದು ಕುರ್ಚಿಯಲ್ಲಿ ಕೂತು ಮಾತಾಡುವ ಸೀಗಲ್. ಹೊಡೆದಾಟ ಬಂದಾಗ ಪ್ರತಿ ಹೊಡೆತಕ್ಕೂ ಒಂದು ಕಟ್: ಮುಖ ಅವರದು, ಕೈ ಇನ್ನೊಬ್ಬನದು, ಬೆನ್ನು ಮತ್ತೊಬ್ಬನದು. ‘ಔಟ್ ಆಫ್ ರೀಚ್’ (2004), ‘ಅಟ್ಯಾಕ್ ಫೋರ್ಸ್’ (2006) ಚಿತ್ರಗಳಲ್ಲಿ ಅವರ ಹಲವು ಸಾಲುಗಳನ್ನು ಬೇರೆಯವರ ಕಂಠದಲ್ಲಿ ಡಬ್ ಮಾಡಿದ್ದಾರೆ. ಒಂದೇ ದೃಶ್ಯದೊಳಗೆ ದನಿ ಬದಲಾಗುವುದು ಕಿವಿಗೆ ಬಡಿಯುತ್ತದೆ. ಕಥೆಯನ್ನು ಶೂಟಿಂಗ್ ಮುಗಿದ ಮೇಲೆ ತಿದ್ದಲು ಹೊರಟಾಗ, ನಟ ಮತ್ತೆ ಬಂದು ಡಬ್ಬಿಂಗ್ ಮಾಡದಿದ್ದಾಗ ಹೀಗಾಗುತ್ತದೆ. ‘ಫ್ಲೈಟ್ ಆಫ್ ಫ್ಯೂರಿ’ (2007) ಇನ್ನೂ ಒಂದು ಹೆಜ್ಜೆ ಮುಂದೆ. 1998ರ ‘ಬ್ಲ್ಯಾಕ್ ಥಂಡರ್’ ಎಂಬ ಇನ್ನೊಂದು ಅಗ್ಗದ ಸಿನಿಮಾದ ಕಥೆಯನ್ನೇ ಎತ್ತಿಕೊಂಡು, ಅದರ ವಿಮಾನದ ದೃಶ್ಯಗಳನ್ನೂ ಹಾಗೇ ತಂದು ಸೇರಿಸಿದರು. ಈ ಸಾಲಿನ ಮುಂದೆ ಬೆರಳು ನಿಲ್ಲಿಸಬೇಡಿ.

ಈಗ ಇನ್ನೊಂದು ಕಡೆಗೆ ಬರೋಣ. ಇಲ್ಲಿ ಹೇಳುವುದು ಹೆಚ್ಚಿದೆ.

2009ರ ‘ಯೂನಿವರ್ಸಲ್ ಸೋಲ್ಜರ್: ರೀಜನರೇಷನ್’ ಬಲ್ಗೇರಿಯಾದಲ್ಲಿ ಚಿತ್ರೀಕರಣವಾದ, ಅಮೆರಿಕದಲ್ಲಿ ನೇರ ವೀಡಿಯೋಗೆ ಬಂದ ಸಿನಿಮಾ. ವ್ಯಾನ್ ಡ್ಯಾಮ್, ಡಾಲ್ಫ್ ಲುಂಡ್‌ಗ್ರೆನ್ ಇಬ್ಬರೂ ಇದ್ದಾರೆ. ಆದರೆ ಲುಂಡ್‌ಗ್ರೆನ್ ಬರುವುದೇ ಬಹಳ ತಡವಾಗಿ, ವ್ಯಾನ್ ಡ್ಯಾಮ್ ಮೊದಲರ್ಧದಲ್ಲಿ ಹೆಚ್ಚು ಇಲ್ಲ. ಲೆಕ್ಕದ ಪ್ರಕಾರ ಇದೂ ಅದೇ ಜಾತಿ. ಹಾಗಿದ್ದೂ ಇದು ಯಾಕೆ ನಿಲ್ಲುತ್ತದೆ? ನಿರ್ದೇಶಕ ಜಾನ್ ಹೈಮ್ಸ್ ತಮ್ಮ ಕೈಲಿ ಏನಿದೆ ಎಂಬುದನ್ನು ನೋಡಿಕೊಂಡು ಕಥೆ ಕಟ್ಟಿದ್ದಾರೆ. ಕೈಲಿದ್ದದ್ದು ಪಾಳುಬಿದ್ದ ಕಾರ್ಖಾನೆಯಂಥ ಜಾಗ, ಅದಕ್ಕೆ ಚೆರ್ನೋಬಿಲ್ ಕಥೆ ಹೊಂದುತ್ತದೆ. ಬಣ್ಣ ಕಡಿಮೆ, ಜನ ಕಡಿಮೆ, ಅದೂ ಆ ಜಾಗಕ್ಕೆ ಸಹಜ. ಛಾಯಾಗ್ರಹಣ ಅವರ ತಂದೆ ಪೀಟರ್ ಹೈಮ್ಸ್ ಅವರದು. ದೊಡ್ಡ ಸ್ಟುಡಿಯೋ ಚಿತ್ರಗಳನ್ನು ನಿರ್ದೇಶಿಸಿದ ಅನುಭವಿ. ಎದುರಾಳಿಯಾಗಿ ನಿಜವಾದ ಹೆವಿವೇಟ್ ಹೋರಾಟಗಾರ ಆಂದ್ರೇ ಅರ್ಲೋವ್‌ಸ್ಕಿ. ಆತ ಒಬ್ಬನನ್ನು ಎತ್ತಿ ಗೋಡೆಗೆ ಬಡಿದರೆ ಆ ತೂಕ ನೋಡುವವರ ಮೈಗೂ ತಾಗುತ್ತದೆ. ಕೊನೆಯ ಭಾಗದಲ್ಲಿ ವ್ಯಾನ್ ಡ್ಯಾಮ್ ಕಟ್ಟಡದೊಳಗೆ ನುಗ್ಗುವುದನ್ನು ಕ್ಯಾಮೆರಾ ಉದ್ದದ ಶಾಟ್‌ನಲ್ಲಿ ಕತ್ತರಿಸದೆ ಹಿಂಬಾಲಿಸುತ್ತದೆ. ಹಾಗೆ ಮಾಡಬೇಕಾದರೆ ನಟ ಸ್ವತಃ ಅಲ್ಲಿರಬೇಕು, ಅಭ್ಯಾಸಕ್ಕೆ ದಿನ ಬೇಕು. ದುಡ್ಡು ಎಲ್ಲಿ ಹೋಯಿತೆಂದು ಆ ಒಂದು ಶಾಟ್ ಹೇಳಿಬಿಡುತ್ತದೆ.

ಅದರ ಮುಂದಿನ ಭಾಗ, 2012ರ ‘ಡೇ ಆಫ್ ರೆಕನಿಂಗ್’, ಇನ್ನೂ ಎತ್ತರದ್ದು. ಮೊದಲ ದೃಶ್ಯವೇ ನಾಯಕನ ಕಣ್ಣಿನಿಂದ. ನಡುರಾತ್ರಿ ಮಗಳು ಬಂದು ಎಬ್ಬಿಸುತ್ತಾಳೆ, ಕ್ಯಾಮೆರಾ ಎದ್ದು ಕೋಣೆಕೋಣೆಯ ದೀಪ ಹಾಕಿಕೊಂಡು ನಡೆಯುತ್ತದೆ, ನಡುನಡುವೆ ಪರದೆ ಕ್ಷಣಕಾಲ ಕಪ್ಪಾಗುತ್ತದೆ, ಅದು ರೆಪ್ಪೆ ಮಿಟುಕಿಸಿದ್ದು. ಅಡುಗೆಮನೆಯಲ್ಲಿ ಮುಸುಕು ಹಾಕಿದವರು ನಿಂತಿದ್ದಾರೆ. ಏಟು ಬಿದ್ದು ನೆಲಕ್ಕುರುಳಿದ ಮೇಲೆ ಒಬ್ಬ ಮುಸುಕು ತೆಗೆಯುತ್ತಾನೆ: ಅದು ವ್ಯಾನ್ ಡ್ಯಾಮ್. ಹಳೆಯ ಭಾಗಗಳ ನಾಯಕ ಇಲ್ಲಿ ಭಯದ ಮೂಲ. ಇಡೀ ಸಿನಿಮಾದಲ್ಲಿ ಅವರು ಕಾಣಿಸುವುದು ಕಡಿಮೆಯೇ, ಆದರೂ ಎಲ್ಲರೂ ಅವರನ್ನೇ ಹುಡುಕುತ್ತಿರುತ್ತಾರೆ, ಇಲ್ಲವೇ ಅವರಿಗಾಗಿ ಸಾಯುತ್ತಿರುತ್ತಾರೆ. ಮುಖವನ್ನು ಕೆಲವೇ ನಿಮಿಷ ಬಳಸಿ ಸಿನಿಮಾವನ್ನೆಲ್ಲ ಆವರಿಸುವಂತೆ ಮಾಡುವುದು ಹೀಗೆ. ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಈ ಚಿತ್ರದ ನಾಯಕ ಸ್ಕಾಟ್ ಆಡ್ಕಿನ್ಸ್ ಮತ್ತು ಅರ್ಲೋವ್‌ಸ್ಕಿ ಬೇಸ್‌ಬಾಲ್ ಬ್ಯಾಟ್ ಹಿಡಿದು ಹೊಡೆದಾಡುವುದನ್ನು ನೋಡಿದರೆ ಥಿಯೇಟರ್‌ಗೆ ಬಂದ ಎಷ್ಟೋ ಸಾಹಸ ಚಿತ್ರಗಳು ಪೇಲವ ಅನಿಸುತ್ತವೆ. ಹಿಂಸೆ ತೀವ್ರ, ಮಕ್ಕಳ ಜೊತೆ ನೋಡುವಂಥದ್ದಲ್ಲ. ಹಾಗಾಗಿ ಸ್ಟಾರ್ ಎಷ್ಟು ನಿಮಿಷ ಇದ್ದಾರೆ ಎಂಬುದರ ಜೊತೆಗೆ ಆ ನಿಮಿಷಗಳು ಕಥೆಗೆ ಯಾಕೆ ಬೇಕು ಎಂದೂ ಕೇಳಬೇಕಾಗುತ್ತದೆ.

ಆಡ್ಕಿನ್ಸ್ ಹೆಸರು ಬಂದಿದ್ದರಿಂದ ನಿರ್ದೇಶಕ ಐಸಾಕ್ ಫ್ಲೊರೆಂಟೈನ್ ಹೆಸರನ್ನೂ ಹೇಳಬೇಕು. ಪೋಸ್ಟರ್ ಮೇಲೆ ದೊಡ್ಡ ಮುಖ ಇಲ್ಲದ, ಆದರೆ ಈ ಮಾರುಕಟ್ಟೆಯ ಅತ್ಯುತ್ತಮ ಫೈಟ್ ಸಿನಿಮಾಗಳು ಇವರದು. 2002ರ ‘ಅನ್‌ಡಿಸ್ಪ್ಯೂಟೆಡ್’ ವೆಸ್ಲಿ ಸ್ನೈಪ್ಸ್, ವಿಂಗ್ ರೇಮ್ಸ್ ಇದ್ದ ಥಿಯೇಟರ್ ಸಿನಿಮಾ. ಎರಡನೆಯ ಭಾಗ 2006ರಲ್ಲಿ ನೇರ ಡಿವಿಡಿಗೆ ಬಂದಾಗ ಖ್ಯಾತ ಮುಖಗಳು ಹೋಗಿ ಮೈಕಲ್ ಜೈ ವೈಟ್ ಮತ್ತು ಆಡ್ಕಿನ್ಸ್ ಬಂದರು. ಮುಖಕ್ಕೆ ಕೊಡಬೇಕಿದ್ದ ದುಡ್ಡು ಹೊಡೆದಾಟ ಕಟ್ಟಲು ಸಿಕ್ಕಿತು. ಫ್ಲೊರೆಂಟೈನ್ ಸ್ವತಃ ಸಮರಕಲೆ ಬಲ್ಲವರು. ಕ್ಯಾಮೆರಾವನ್ನು ಹಿಂದಕ್ಕೆ ಇಡುತ್ತಾರೆ, ತಲೆಯಿಂದ ಪಾದದವರೆಗೆ ಇಬ್ಬರೂ ಚೌಕಟ್ಟಿನೊಳಗೆ ಇರುತ್ತಾರೆ, ಒದೆತ ಎಲ್ಲಿ ಹುಟ್ಟಿತು ಎಲ್ಲಿ ಬಿತ್ತು ಎರಡೂ ಒಂದೇ ಶಾಟ್‌ನಲ್ಲಿ ಕಾಣುತ್ತದೆ. ಮುಖ್ಯವಾದ ಏಟಿಗೆ ಮಾತ್ರ ನಿಧಾನಗತಿ. 2010ರ ಮೂರನೆಯ ಭಾಗದಲ್ಲಿ, ಹಿಂದಿನ ಭಾಗದಲ್ಲಿ ಕಾಲು ಮುರಿಸಿಕೊಂಡ ಬೊಯ್ಕ (ಆಡ್ಕಿನ್ಸ್ ಪಾತ್ರ) ಕುಂಟು ಮಂಡಿ ಇಟ್ಟುಕೊಂಡೇ ಕಣಕ್ಕಿಳಿಯುತ್ತಾನೆ. ಕೊನೆಯ ಹೋರಾಟದಲ್ಲಿ ಚಿಲಿಯ ಮಾರ್ಕೊ ಸರೋರ್ ಅಭಿನಯಿಸಿದ ಡೊಲೊರ್ ಆ ಮಂಡಿಗೇ ಗುರಿಯಿಟ್ಟು ಹೊಡೆಯುತ್ತಾನೆ. ಬೊಯ್ಕ ಹಾರಿ ಒದೆಯಬೇಕಾದಾಗಲೆಲ್ಲ ಯಾವ ಕಾಲ ಮೇಲೆ ಇಳಿಯುತ್ತಾನೆ ಎಂದು ನೋಡುಗ ಉಸಿರು ಹಿಡಿಯುತ್ತಾನೆ. ಫೈಟ್ ಮಾಸ್ಟರ್ ಲಾರ್ನೆಲ್ ಸ್ಟೊವಾಲ್ ಹೊಡೆದಾಟದೊಳಗೇ ಕಥೆ ಹೇಳಿದ್ದಾರೆ.

2019ರ ‘ಅವೆಂಜ್‌ಮೆಂಟ್’ ಇನ್ನೊಂದು ರೀತಿಯ ಜಾಣತನ. ಜೈಲಿನಿಂದ ತಪ್ಪಿಸಿಕೊಂಡವನು ಒಂದು ಪಬ್‌ಗೆ ನುಗ್ಗಿ ಅಲ್ಲಿದ್ದವರನ್ನು ಬಂದೂಕಿನ ಮೊನೆಯಲ್ಲಿ ಕೂರಿಸಿ ತನ್ನ ಕಥೆ ಹೇಳುತ್ತಾನೆ. ಒಂದೇ ಸೆಟ್, ಉಳಿದದ್ದು ಫ್ಲ್ಯಾಶ್‌ಬ್ಯಾಕ್. ಬಜೆಟ್ ಇಲ್ಲದ್ದು ಎಲ್ಲಿಯೂ ಕೊರತೆಯಾಗಿ ಕಾಣುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡಲು ಹೊರಟಿರುವ ನಮ್ಮ ಹುಡುಗರು ಇದರ ಚಿತ್ರಕಥೆಯನ್ನು ಬಿಡಿಸಿ ನೋಡಬೇಕು.

ಕೇಜ್ ಅವರದ್ದು ಎಲ್ಲಕ್ಕಿಂತ ಗೊಂದಲದ ಸಾಲು. ಸಾಲ ಮತ್ತು ತೆರಿಗೆ ಬಾಕಿ ತೀರಿಸಲು ವರ್ಷಕ್ಕೆ ಮೂರ್ನಾಲ್ಕು ಚಿತ್ರ ಒಪ್ಪಿಕೊಳ್ಳುತ್ತಿದ್ದೆ, ಆದರೆ ಒಂದರಲ್ಲೂ ಕಾಟಾಚಾರಕ್ಕೆ ನಟಿಸಲಿಲ್ಲ ಎಂಬ ಅರ್ಥದ ಮಾತನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಸಿನಿಮಾಗಳನ್ನು ನೋಡಿದರೆ ಅದು ಬಹುಮಟ್ಟಿಗೆ ನಿಜ ಎನಿಸುತ್ತದೆ. 2018ರ ‘ಮ್ಯಾಂಡಿ’ ಅಮೆರಿಕದಲ್ಲಿ ಕೆಲವು ಥಿಯೇಟರುಗಳಿಗೂ ಮನೆಯ ಪರದೆಗೂ ಒಂದೇ ದಿನ ಬಂದದ್ದು. ಹೆಂಡತಿಯನ್ನು ಕಣ್ಣೆದುರೇ ಸುಟ್ಟಿದ್ದಾರೆ. ಗಾಯಗೊಂಡ ಗಂಡ ಬಚ್ಚಲಿಗೆ ಬರುತ್ತಾನೆ, ಚಡ್ಡಿಯಲ್ಲಿ. ವೋಡ್ಕಾ ಬಾಟಲಿ ಎತ್ತಿ ಗಟಗಟ ಕುಡಿಯುತ್ತಾನೆ, ಗಾಯದ ಮೇಲೆ ಸುರಿದುಕೊಳ್ಳುತ್ತಾನೆ, ಕಮೋಡಿನ ಮೇಲೆ ಕೂತು ಅರಚುತ್ತಾನೆ. ಅರಚಾಟ ಅಳುವಾಗುತ್ತದೆ, ಅಳು ಮತ್ತೆ ಅರಚಾಟವಾಗುತ್ತದೆ. ಕ್ಯಾಮೆರಾ ಕಟ್ ಆಗುವುದಿಲ್ಲ. ಡ್ಯೂಪ್ ಭುಜದ ಸಿನಿಮಾಗಳನ್ನು ನೋಡಿ ಬೇಸತ್ತವರಿಗೆ ಆ ಒಂದು ಶಾಟ್ ಸಾಕು. 2021ರ ‘ಪಿಗ್’ ಥಿಯೇಟರಿಗೇ ಬಂದ ಸಿನಿಮಾ, ಆದರೂ ಬಜೆಟ್ ಸಣ್ಣದು, ಶೂಟಿಂಗ್ ಸುಮಾರು 20 ದಿನ. ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಕೇಜ್ ಇದ್ದಾರೆ, ದನಿ ಎತ್ತುವುದು ತೀರಾ ಅಪರೂಪ. ಇನ್ನೊಂದು ಕಡೆ 2020ರ ‘ಜಿಯು ಜಿತ್ಸು’ ಇದೆ: ಪೋಸ್ಟರ್‌ನಲ್ಲಿ ಕೇಜ್, ಕಥೆಯ ನಾಯಕ ಅಲೈನ್ ಮೌಸಿ. ಕೇಜ್ ಹೆಸರು ಕಂಡಾಗ ಅವರು ನಾಯಕರೋ ಪೋಷಕ ನಟರೋ ಎಂದು ಮೊದಲು ನೋಡಿಕೊಳ್ಳಿ. ನಾಯಕರಾದರೆ ನೋಡಬಹುದು.

ನೇರ ವೀಡಿಯೋ ಎಂಬುದೇ ಕೀಳು ಎಂದು ಹೇಳುವವರಿಗೆ ಜಪಾನ್ ಉತ್ತರ ಕೊಟ್ಟಿದೆ. ತೋಯೆ ಕಂಪನಿ 1989ರಲ್ಲಿ ವೀಡಿಯೋಗಾಗಿಯೇ ಸಿನಿಮಾ ಮಾಡುವ ವಿ-ಸಿನಿಮಾ ಸಾಲನ್ನು ಆರಂಭಿಸಿತು. ತಕಾಶಿ ಮೀಕೆಯಂಥ ನಿರ್ದೇಶಕರು ಪಳಗಿದ್ದು ಆ ವೀಡಿಯೋ ಲೋಕದಲ್ಲೇ.

ಇನ್ನು ನೋಡುವ ಮೊದಲು ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ. ಮೊದಲಿಗೆ ನಿರ್ದೇಶಕರ ಹೆಸರು ಹುಡುಕಿ. ಹೈಮ್ಸ್, ಫ್ಲೊರೆಂಟೈನ್, ‘ಅವೆಂಜ್‌ಮೆಂಟ್’ ಮಾಡಿದ ಜೆಸ್ಸಿ ಜಾನ್ಸನ್ ಹೆಸರಿದ್ದರೆ ಸ್ಟಾರ್ ಯಾರೇ ಇರಲಿ ಅರ್ಧ ಗಂಟೆ ಕೊಡಬಹುದು. ಒಂದೇ ವರ್ಷ ಒಂದೇ ಸ್ಟಾರ್ ಜೊತೆ ಮೂರು ಸಿನಿಮಾ ಮಾಡಿದ ನಿರ್ದೇಶಕರಾದರೆ ಬೇಡ. ಆಮೇಲೆ ಟ್ರೇಲರನ್ನು ದನಿ ತೆಗೆದು ನೋಡಿ. ಸ್ಟಾರ್ ಎಷ್ಟು ಬಗೆಯ ಬಟ್ಟೆಯಲ್ಲಿದ್ದಾರೆ, ಎಷ್ಟು ಜಾಗಗಳಲ್ಲಿದ್ದಾರೆ, ಬೇರೆ ನಟರ ಜೊತೆ ಒಂದೇ ಚೌಕಟ್ಟಿನಲ್ಲಿ ಎಷ್ಟು ಸಲ ಕಂಡರು ಎಂದು ಎಣಿಸಿ. ಟ್ರೇಲರ್‌ಗೆ ಇರುವುದನ್ನೆಲ್ಲ ಸುರಿದಿರುತ್ತಾರೆ. ಒಂದು ಜಾಕೆಟ್, ಎರಡು ಕೋಣೆ ಮಾತ್ರ ಸಿಕ್ಕಿದರೆ ಸಿನಿಮಾದಲ್ಲೂ ಅಷ್ಟೇ. ದನಿ ತೆಗೆಯಲು ಹೇಳಿದ್ದಕ್ಕೆ ಕಾರಣವಿದೆ: ಅಬ್ಬರದ ಹಿನ್ನೆಲೆ ಸಂಗೀತ ಕಣ್ಣಿಗೆ ಎಣಿಸಲು ಬಿಡುವುದಿಲ್ಲ.

ಕಾರ್ಯಕಾರಿ ನಿರ್ಮಾಪಕರ ಪಟ್ಟಿಯೂ ಮಾತಾಡುತ್ತದೆ. ಇಪ್ಪತ್ತು, ಮೂವತ್ತು ಹೆಸರು ಸಾಲಾಗಿ ಬಂದರೆ ಅಲ್ಲೊಬ್ಬ ಇಲ್ಲೊಬ್ಬರಿಂದ ದುಡ್ಡು ಕೂಡಿಸಿದ ಚಿತ್ರ ಎಂದು ತಿಳಿಯಿರಿ. ಕೊನೆಯ ಟೈಟಲ್ಲುಗಳು ಬಸವನಹುಳುವಿನಂತೆ ತೆವಳುತ್ತಾ ಏಳೆಂಟು ನಿಮಿಷ ತಿಂದರೆ, ಸಿನಿಮಾದ ಉದ್ದ ಸಾಲದೆ ಎಳೆದಿದ್ದಾರೆ ಎಂದರ್ಥ. ಪಟ್ಟಿಯಲ್ಲಿ 90 ನಿಮಿಷ ಎಂದಿದ್ದದ್ದು ಆಗ ನಿಜಕ್ಕೂ 82 ನಿಮಿಷ.

ಈ ಪರೀಕ್ಷೆ ದಾಟಿ ಸಿನಿಮಾ ಹಾಕಿದ ಮೇಲೂ ಮೊದಲ ಗುಂಡಿನ ಚಕಮಕಿಯನ್ನು ಗಮನಿಸಿ. ಸೆಟ್ಟಿನಲ್ಲಿ ಖಾಲಿ ತೋಟಾ ಹಾರಿಸಬೇಕಾದರೆ ಆಯುಧಗಳ ಉಸ್ತುವಾರಿಗೆ ತಜ್ಞರು, ಹೆಚ್ಚಿನ ಸಮಯ, ಸುರಕ್ಷತೆ ಎಲ್ಲ ಬೇಕು. ಅದನ್ನು ಉಳಿಸಲು ಕಂಪ್ಯೂಟರಿನಲ್ಲಿ ಬೆಂಕಿಕಿಡಿ ಹಾಕುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಅವಸರದಲ್ಲಿ ಮಾಡಿದಾಗ ನಳಿಗೆಯ ತುದಿಯಲ್ಲಿ ಹಳದಿ ಹೂ ಅರಳುತ್ತದೆಯೇ ಹೊರತು ಪಕ್ಕದ ಗೋಡೆಯ ಮೇಲೆ ಬೆಳಕು ಬೀಳುವುದಿಲ್ಲ, ತೋಟಾದ ಚಿಪ್ಪು ಹಾರುವುದಿಲ್ಲ, ನಟನ ಮಣಿಕಟ್ಟು ಹಿಂದಕ್ಕೆ ಜಗ್ಗುವುದಿಲ್ಲ. ರಕ್ತವೂ ಹಾಗೆಯೇ: ಗಾಳಿಯಲ್ಲಿ ಚಿಮ್ಮಿ ಮಾಯವಾಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ. ಊರಿಗೆ ಊರೇ ಅಪಾಯದಲ್ಲಿದೆ ಎನ್ನುತ್ತಾರೆ, ಬೀದಿಯಲ್ಲಿ ಆರು ಜನ. ಪೊಲೀಸ್ ಠಾಣೆ ಎನ್ನುತ್ತಾರೆ, ಒಂದು ಬಾವುಟ ಮತ್ತು ಎರಡು ಮೇಜು. ದೃಶ್ಯಗಳ ನಡುವೆ ಡ್ರೋನ್ ಊರ ಮೇಲೆ ಹಾರುತ್ತದೆ, ಕಥೆಗೆ ಬೇಕಾಗಿ ಅಲ್ಲ, ನಿಮಿಷ ತುಂಬಲು. ಇವುಗಳಲ್ಲಿ ಮೂರು ಮೊದಲ ಇಪ್ಪತ್ತು ನಿಮಿಷದಲ್ಲೇ ಸಿಕ್ಕರೆ ನಿಲ್ಲಿಸಿಬಿಡಿ. ಕೊನೆಗೆ ಸರಿಹೋಗುತ್ತದೆ ಎಂದು ಕಾಯಬೇಡಿ. ದುಡ್ಡಿದ್ದ ದೃಶ್ಯವನ್ನು ಇವರು ಮೊದಲೇ ಇಟ್ಟಿರುತ್ತಾರೆ.

ಭಾರತದಲ್ಲಿ ಇಂಥ ಚಿತ್ರಗಳು ಹೆಚ್ಚಾಗಿ ಸಿಗುವುದು 2020ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದ ಲಯನ್ಸ್‌ಗೇಟ್ ಪ್ಲೇ ಮತ್ತು ಪ್ರೈಮ್ ವೀಡಿಯೋಗಳಲ್ಲಿ. ಈಗಾಗಲೇ ಚಂದಾ ಇದ್ದು ಅದರೊಳಗೇ ಬಂದರೆ ನೋಡಿ. ಪ್ರತ್ಯೇಕ ಬಾಡಿಗೆ ಕೊಟ್ಟು ನೋಡುವುದಾದರೆ ಮೇಲೆ ಹೆಸರಿಸಿದವಕ್ಕೆ ಮಾತ್ರ. ಹೆಸರಿನ ಗೊಂದಲಕ್ಕೂ ಎಚ್ಚರ: 2015ರ ವಿಲ್ಲಿಸ್ ಸಿನಿಮಾ ‘ಎಕ್ಸ್‌ಟ್ರ್ಯಾಕ್ಷನ್’, 2020ರ ಕ್ರಿಸ್ ಹೆಮ್ಸ್‌ವರ್ತ್ ಸಿನಿಮಾವೂ ‘ಎಕ್ಸ್‌ಟ್ರ್ಯಾಕ್ಷನ್’. ವರ್ಷ ನೋಡದೆ ಒತ್ತಿದರೆ ಬೇರೆಯದೇ ಸಿನಿಮಾ ಶುರುವಾಗುತ್ತದೆ. ಡಬ್ ಆದ ಆವೃತ್ತಿ ನೋಡುವವರಿಗೆ ಇನ್ನೊಂದು ಮಾತು. ಡಬ್ಬಿಂಗ್‌ನಲ್ಲಿ ಒಬ್ಬ ನಟನಿಗೆ ಮೊದಲಿಂದ ಕೊನೆವರೆಗೆ ಒಂದೇ ಕಂಠ ಇರುವುದರಿಂದ ಸೀಗಲ್ ಚಿತ್ರಗಳ ದನಿ ಬದಲಾಗುವ ದೋಷ ಮುಚ್ಚಿಹೋಗುತ್ತದೆ. ‘ಮ್ಯಾಂಡಿ’, ‘ಪಿಗ್’ ಚಿತ್ರಗಳಲ್ಲಿ ಮಾತ್ರ ಕೇಜ್ ದನಿಯೇ ಅರ್ಧ ಅಭಿನಯ, ಅವನ್ನು ಮೂಲ ಇಂಗ್ಲಿಷಿನಲ್ಲಿ ಸಬ್‌ಟೈಟಲ್ ಹಾಕಿಕೊಂಡೇ ನೋಡಿ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಫೈಟ್ ಇಷ್ಟಪಡುವವರು ‘ಅನ್‌ಡಿಸ್ಪ್ಯೂಟೆಡ್’ ಎರಡು, ಆಮೇಲೆ ಮೂರು. ಮೊದಲನೆಯದನ್ನು ಬಿಟ್ಟರೂ ನಡೆಯುತ್ತದೆ, ಎರಡನೆಯದನ್ನು ಬಿಡಬೇಡಿ: ಬೊಯ್ಕನ ಮಂಡಿ ಮುರಿದದ್ದು ಯಾರು, ಹೇಗೆ ಎಂಬುದನ್ನು ನೋಡಿರದಿದ್ದರೆ ಮೂರನೆಯದರ ಕೊನೆಯ ಹದಿನೈದು ನಿಮಿಷ ಬರೀ ಒದೆದಾಟವಾಗಿ ಉಳಿಯುತ್ತದೆ.